ಸದ್ದು ಇದೆ, ಚಿತ್ರ ಇಲ್ಲ: ಹಳೇ ಗೇಮ್ ಬಾಯ್‌ಗೆ ಹೊಸ ಪವರ್ ಬೋರ್ಡ್

ಹಳೇ ಗೇಮ್ ಬಾಯ್ (ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ) ಆನ್ ಮಾಡಿದಾಗ 'ಡಿಂಗ್' ಅಂತ ಸದ್ದು ಬಂದು, ಸ್ಕ್ರೀನ್ ಮಾತ್ರ ಖಾಲಿ ಇದ್ದರೆ ಹೆಚ್ಚಿನವರು ಸ್ಕ್ರೀನ್ ಹೋಯಿತು ಅಂತ ಕೈಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮಲ್ಟಿಮೀಟರ್ ತೆಗೆದು ಮೈನಸ್ 19 ವೋಲ್ಟ್ ಇದೆಯಾ ನೋಡಿ. ಹೌದು, ಮೈನಸ್. ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಈ ಪೆಟ್ಟಿಗೆಯೊಳಗೆ ಅಂಥದ್ದೊಂದು ವೋಲ್ಟೇಜ್ ತಯಾರಾಗುತ್ತದೆ. ಅದಿಲ್ಲದೆ ಸ್ಕ್ರೀನಿನಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ.

ಈ ಸಲ ನನ್ನ ಮೇಜಿಗೆ ಬಂದಿದ್ದು 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಮೊದಲ ಮಾದರಿ, ಡಿಎಂಜಿ-01. ಬೂದು ಬಣ್ಣದ ದಪ್ಪ ಇಟ್ಟಿಗೆಯಂಥ ಯಂತ್ರ. ಶಕ್ತಿನಗರದ ಥರ್ಮಲ್ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಈಗ ರಾಯಚೂರಿನಲ್ಲಿ ನಮ್ಮ ಓಣಿಯಲ್ಲೇ ಇರುವ ಕಾಕಾ ಒಬ್ಬರದು. ತೊಂಬತ್ತರ ದಶಕದಲ್ಲಿ ಅವರ ಹೆಂಡತಿಯ ತಮ್ಮ ದುಬೈನಿಂದ ತಂದುಕೊಟ್ಟಿದ್ದಂತೆ. ಆಗ ಮಗ ಆಡಿದ್ದ, ಈಗ ಮೊಮ್ಮಗಳು ಕೇಳುತ್ತಿದ್ದಾಳೆ. "ಸೌಂಡ್ ಬರ್ತದ ತಮ್ಮಾ, ಸ್ಕ್ರೀನ್ ಮ್ಯಾಲ ಏನೂ ಕಾಣಂಗಿಲ್ಲ. ಅಂಗಡ್ಯಾಗ ಕೊಟ್ಟಿದ್ದೆ, ಸ್ಕ್ರೀನೇ ಹೋಗ್ಯಾದ ಅಂದ್ರು" ಅಂದರು. ಜೊತೆಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಅಂಗಡಿಯವರು ಒಳಗಿಂದ ಬಿಚ್ಚಿದ್ದ ಪುಟ್ಟ ಪವರ್ ಬೋರ್ಡ್ ಅದರಲ್ಲಿತ್ತು. ಆ ಕವರ್ ನೋಡಿದ ಕೂಡಲೇ ಅರ್ಧ ಕಥೆ ತಿಳಿಯಿತು.

ಹಿಂಭಾಗದಲ್ಲಿ ಆರು ಸ್ಕ್ರೂ ಇರುತ್ತವೆ. ಮೂಲೆಗಳ ಕಡೆ ನಾಲ್ಕು, ಸೆಲ್ ಕೂರುವ ಜಾಗದೊಳಗೆ ಎರಡು. ತಲೆಯಲ್ಲಿ ಮೂರು ಸೀಳಿನ ಗುರುತು, ಅದಕ್ಕೆ ಟ್ರೈ-ವಿಂಗ್ ಅನ್ನುವ ಸ್ಕ್ರೂಡ್ರೈವರ್ರೇ ಬೇಕು. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಸವೆದು ಮತ್ತೆಂದೂ ಬಿಚ್ಚಲು ಬರುವುದಿಲ್ಲ. ಬಿಚ್ಚಿದ ಮೇಲೂ ಎರಡು ಭಾಗಗಳನ್ನು ಸರ್ರನೆ ಎಳೆಯಬಾರದು. ಮುಂದಿನ ಬೋರ್ಡಿಗೂ ಹಿಂದಿನ ಬೋರ್ಡಿಗೂ ನಡುವೆ ಒಂದು ರಿಬ್ಬನ್ ಕೇಬಲ್ ಇದೆ. ಅದನ್ನು ನೇರವಾಗಿ, ನಿಧಾನಕ್ಕೆ ಬಿಡಿಸಿ ಪಕ್ಕಕ್ಕಿಡಬೇಕು.

ಒಳಗೆ ಹಳೇ ಬೋರ್ಡ್ ಇದ್ದ ಜಾಗದಲ್ಲಿ ಒಂದು 7805, ಅಂದರೆ ವೋಲ್ಟೇಜನ್ನು 5ಕ್ಕೆ ಇಳಿಸಿ ನಿಲ್ಲಿಸುವ ರೆಗ್ಯುಲೇಟರ್ ಕೂತಿತ್ತು. ಮೂರು ಕಾಲು, ಮೂರು ವೈರ್, ಮೇಲೆ ಟೇಪ್. ಟಿವಿ, ರೇಡಿಯೊ, ಸೆಟ್ ಟಾಪ್ ಬಾಕ್ಸ್ ರಿಪೇರಿ ಮಾಡುವವರ ಡಬ್ಬಿಯಲ್ಲಿ ಸದಾ ಇರುವ ಬಿಡಿಭಾಗ ಅದು. 5 ವೋಲ್ಟ್ ಬೇಕು ಅಂದಾಗ ಕೈ ಮೊದಲು ಅದಕ್ಕೇ ಹೋಗುತ್ತದೆ. ಇದರಲ್ಲಿ ಅವರನ್ನು ದೂರಬೇಕಾದ್ದೇನೂ ಇಲ್ಲ. ಗೇಮ್ ಬಾಯ್‌ನ ಪ್ರೊಸೆಸರ್ ನಡೆಯೋದು 5 ವೋಲ್ಟಿನಲ್ಲೇ. ಆದರೆ ಇಲ್ಲಿ ಎರಡು ತೊಂದರೆ ಇವೆ.

ಒಂದನೆಯದು, 7805ಗೆ 5 ವೋಲ್ಟ್ ಹೊರಗೆ ಬರಬೇಕಾದರೆ ಒಳಗೆ ಸುಮಾರು 7 ವೋಲ್ಟ್ ಕೊಡಬೇಕು. ನಾಲ್ಕು ಹೊಸ ಸೆಲ್ ಸೇರಿದರೂ 6 ಚಿಲ್ಲರೆ ವೋಲ್ಟ್. ಹಾಗಾಗಿ ಸೆಲ್ ಹಾಕಿದರೆ ಯಂತ್ರ ಏಳುತ್ತಿರಲಿಲ್ಲ. ಅಂಗಡಿಯವರು 9 ವೋಲ್ಟಿನ ಅಡಾಪ್ಟರ್ ಕೊಟ್ಟು ಕಳಿಸಿದ್ದರು. ಅಡಾಪ್ಟರ್ ಹಾಕಿದರೆ ಸದ್ದು ಬರುತ್ತಿತ್ತು. ಎರಡನೆಯದು ದೊಡ್ಡ ತೊಂದರೆ. 7805 ಕೊಡೋದು ಒಂದೇ ವೋಲ್ಟೇಜ್. ಸ್ಕ್ರೀನಿಗೆ ಬೇಕಾದ ಮೈನಸ್ ವೋಲ್ಟೇಜ್ ಕೊಡುವವರೇ ಇರಲಿಲ್ಲ.

ಮೂಲ ಬೋರ್ಡ್ ಎಷ್ಟು ಜಾಣತನದ್ದು ಅಂತ ಇಲ್ಲಿ ಹೇಳಲೇಬೇಕು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರ ಮೇಲೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಕೆಲವು ಟ್ರಾನ್ಸಿಸ್ಟರ್, ಡಯೋಡ್, ಕೆಪಾಸಿಟರ್. ಹೊಸ ಸೆಲ್ ಇದ್ದಾಗ 6 ವೋಲ್ಟನ್ನು 5ಕ್ಕೆ ಇಳಿಸುತ್ತದೆ. ಸೆಲ್ ಸೊರಗಿ 5ಕ್ಕಿಂತ ಕೆಳಗೆ ಬಂದಾಗ ಅದನ್ನೇ 5ಕ್ಕೆ ಏರಿಸುತ್ತದೆ. ಜೊತೆಗೆ ಅದೇ ಟ್ರಾನ್ಸ್‌ಫಾರ್ಮರ್‌ನಿಂದ ಸ್ಕ್ರೀನಿಗೆ ಸುಮಾರು ಮೈನಸ್ 19 ವೋಲ್ಟ್ ತೆಗೆಯುತ್ತದೆ. ಹಿಂದಿನ ಲೇಬಲ್ ಮೇಲೆ ಡಿಸಿ 6 ವೋಲ್ಟ್, 0.7 ವ್ಯಾಟ್ ಅಂತ ಬರೆದಿದೆ. ಇಡೀ ಯಂತ್ರ ಆಟ, ಸದ್ದು, ಚಿತ್ರ ಎಲ್ಲಾ ನಡೆಸೋದು ಅಷ್ಟರಲ್ಲೇ.

ಸ್ಕ್ರೀನ್ ನಿಜಕ್ಕೂ ಬದುಕಿದೆಯಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಇದಕ್ಕೆ ಆಟದ ಕ್ಯಾಸೆಟ್ ಕೂಡ ಬೇಡ. ಗೇಮ್ ಬಾಯ್ ಒಳಗೆ 256 ಬೈಟ್‌ನ ಒಂದು ಸಣ್ಣ ಪ್ರೋಗ್ರಾಂ ಇದೆ. ಆನ್ ಮಾಡಿದ ತಕ್ಷಣ ಕಂಪನಿಯ ಹೆಸರನ್ನು ಮೇಲಿನಿಂದ ಕೆಳಗೆ ಇಳಿಸಿ, ಡಿಂಗ್ ಅನ್ನಿಸಿ, ಆಮೇಲೆ ಕ್ಯಾಸೆಟ್ ಸರಿ ಇದೆಯಾ ಅಂತ ನೋಡುತ್ತದೆ. ಕ್ಯಾಸೆಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಒಂದು ಕಪ್ಪು ಪಟ್ಟಿ ಇಳಿದು ಬಂದು ನಿಲ್ಲುತ್ತದೆ. ಆ ಪಟ್ಟಿ ಕಂಡರೆ ಪ್ರೊಸೆಸರ್, ಸ್ಕ್ರೀನ್, ಎರಡೂ ವೋಲ್ಟೇಜ್ ಸರಿ ಇವೆ ಅಂತ ಅರ್ಥ. ಡಿಂಗ್ ಕೇಳಿ ಪಟ್ಟಿ ಕಾಣದಿದ್ದರೆ ಅನುಮಾನ ಮೈನಸ್ ಕಡೆಗೆ.

ಆ ಲೈನಿಗೆ ಮೀಟರ್ ಹಿಡಿದೆ. ಸೊನ್ನೆ. ವೈರೇ ಹೋಗಿಲ್ಲ ಅಂದ ಮೇಲೆ ಬೇರೇನು ಬರುತ್ತದೆ, ಅಲ್ವಾ?

ಇನ್ನೊಂದು ಮಾತು. ಸ್ಕ್ರೀನಿನಲ್ಲಿ ನಿಂತ ಗೆರೆಗಳು ಕಾಣೆಯಾಗಿದ್ದರೆ ಅದಕ್ಕೂ ಪವರ್ ಬೋರ್ಡಿಗೂ ಸಂಬಂಧ ಇಲ್ಲ. ಅದು ಗಾಜಿನ ಕೆಳ ಅಂಚಿಗೆ ಅಂಟಿಸಿದ ತೆಳು ಕೇಬಲ್ ಬಿಟ್ಟುಕೊಂಡಿರುವುದು. ಎರಡನ್ನೂ ಬೆರೆಸಿಕೊಂಡು ಸುಮ್ನೆ ರೆಗ್ಯುಲೇಟರ್ ಬದಲಿಸುತ್ತಾ ಹೋಗಬೇಡಿ.

ಈಗ ಕವರಿನಲ್ಲಿದ್ದ ಮೂಲ ಬೋರ್ಡ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಬುಡದಲ್ಲಿ ಕಂದು ಬಣ್ಣದ ಅಂಟು ಕಲೆ. ಮೂಗಿನ ಹತ್ತಿರ ತಂದರೆ ಮೀನಿನ ವಾಸನೆ. ಒಳಗಿನ ದ್ರವ ಹೊರಗೆ ಬಂದಿದೆ ಅನ್ನೋದಕ್ಕೆ ಅದೇ ಸಾಕ್ಷಿ. ನಮ್ಮ ಕಡೆ ಇದು ಬೇಗ ಆಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಅಂತ ಎಲೆಕ್ಟ್ರಾನಿಕ್ಸಿನಲ್ಲಿ ಒಂದು ಲೆಕ್ಕ ಇದೆ. ರಾಯಚೂರಿನ ಬೇಸಿಗೆ 42 ಡಿಗ್ರಿ ದಾಟೋದು ಮಾಮೂಲು. ಮಾಳಿಗೆ ಕೆಳಗಿನ ಕಬ್ಬಿಣದ ಕಪಾಟಿನೊಳಗೆ ಎಷ್ಟಿರುತ್ತದೆ ನೀವೇ ಯೋಚಿಸಿ. ಆಡದೆ ಇಟ್ಟ ಯಂತ್ರವೂ ಹಾಳಾಗೋದು ಹೀಗೆಯೇ.

ಕೆಪಾಸಿಟರ್ ಬದಲಿಸಿದರೆ ಮೂಲ ಬೋರ್ಡೇ ಬದುಕಬಹುದು ಅನ್ನುವ ಆಸೆ ನನಗಿತ್ತು. ಯಾವಾಗಲೂ ಅದೇ ನನ್ನ ಮೊದಲ ಆಯ್ಕೆ. ಹತ್ತಿಪ್ಪತ್ತು ರೂಪಾಯಿಯ ಕೆಲಸ, ಯಂತ್ರವೂ ಹುಟ್ಟಿದ ಹಾಗೇ ಉಳಿಯುತ್ತದೆ. ನಮ್ಮೂರಿನ ತೀನ್ ಕಂದೀಲ್ ಹತ್ತಿರ ಹೋಗಿ ಕೆಪಾಸಿಟರ್ ತಂದೆ. ಹಳೆಯದರ ಮೇಲೆ ಬರೆದ ಮೈಕ್ರೊಫ್ಯಾರಡ್ಡೇ ಇರಬೇಕು, ವೋಲ್ಟ್ ಒಂದು ಹೆಜ್ಜೆ ಜಾಸ್ತಿ ಇದ್ದರೆ ಒಳ್ಳೆಯದು. 85 ಡಿಗ್ರಿಯದು ಬೇಡ, 105 ಡಿಗ್ರಿ ಅಂತ ಬರೆದಿದ್ದೇ ಕೇಳಿ ತನ್ನಿ. ಮೈನಸ್ ಲೈನಿಗೆ 35 ವೋಲ್ಟಿನದು. ಹಳೆಯದನ್ನು ತೆಗೆದು, ಸೋರಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ಹಾಗೇ ಬಿಟ್ಟರೆ ಅದು ತಾಮ್ರದ ಗೆರೆಗಳನ್ನು ತಿನ್ನುತ್ತಲೇ ಇರುತ್ತದೆ.

ಹೊಸ ಕೆಪಾಸಿಟರ್ ಕೂತ ಮೇಲೂ ಬೋರ್ಡ್ ಏಳಲಿಲ್ಲ. ಟ್ರಾನ್ಸಿಸ್ಟರ್, ಡಯೋಡ್ ಒಂದೊಂದೇ ನೋಡಿದೆ, ಸರಿ ಇದ್ದವು. ಕೊನೆಗೆ ಟ್ರಾನ್ಸ್‌ಫಾರ್ಮರ್‌ನ ಕಾಲುಗಳಿಗೆ ಕಂಟಿನ್ಯುಟಿ (ತಂತಿ ಕಡಿದಿಲ್ಲದಿದ್ದರೆ ಮೀಟರ್ ಬೀಪ್ ಅನ್ನುವ ಪರೀಕ್ಷೆ) ಹಿಡಿದಾಗ ಒಂದು ಸುತ್ತು ಬೀಪ್ ಅನ್ನಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಕೂದಲೆಳೆಯ ತಂತಿ ಕಾಲಿಗೆ ಸೇರುವ ಕಡೆ ಹಸಿರಾಗಿ ಪುಡಿಯಾಗಿತ್ತು. ತುಂಡು ಒಳಗಿನ ಪದರಕ್ಕೆ ಹೋಗಿದೆ, ಹೊರಗಿನಿಂದ ಬೆಸೆಯಲು ತುದಿ ಸಿಗುವುದಿಲ್ಲ. ಈ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗುವ ವಸ್ತುವೂ ಅಲ್ಲ.

ಅಲ್ಲಿಗೆ ಹೊಸ ಬೋರ್ಡ್ ಮಾಡೋದು ಅಂತ ಗಟ್ಟಿಯಾಯಿತು. ಸಿದ್ಧ ಬೋರ್ಡ್‌ಗಳು ವಿದೇಶದಿಂದ ಬರುತ್ತವೆ, ಚೆನ್ನಾಗೂ ಇವೆ. ಮೊಬೈಲ್‌ಗಳಲ್ಲಿ ಇರುವಂಥ ಹೊಸ ಐಪಿಎಸ್ ಸ್ಕ್ರೀನ್ ಹಾಕಿಸಿದರೆ ಮೈನಸ್ ವೋಲ್ಟೇಜಿನ ಗೋಜೇ ಇರುವುದಿಲ್ಲ ಅನ್ನೋದೂ ನಿಜ. ಆದರೆ ಒಳ್ಳೆಯ ಮೂಲ ಸ್ಕ್ರೀನ್ ಕಿತ್ತೆಸೆಯಲು ನನಗೆ ಮನಸ್ಸು ಬರುವುದಿಲ್ಲ. 160 ಅಡ್ಡ, 144 ಉದ್ದದ ಚುಕ್ಕೆಗಳು, ನಾಲ್ಕೇ ಛಾಯೆ, ಆ ಬಟಾಣಿ ಹಸಿರು. ಆ ಆಟಗಳನ್ನು ಬರೆದವರು ಅದನ್ನೇ ನೋಡಿಕೊಂಡು ಬರೆದಿದ್ದು.

5 ವೋಲ್ಟಿಗೆ ಟಿಪಿಎಸ್63070 ಚಿಪ್ ಇರುವ ಬಕ್-ಬೂಸ್ಟ್ (ಇಳಿಸುವ, ಏರಿಸುವ ಎರಡೂ ಕೆಲಸದ) ಮಾಡ್ಯೂಲ್ ತೆಗೆದುಕೊಂಡೆ. ಆ ಚಿಪ್ 2ರಿಂದ 16 ವೋಲ್ಟ್‌ವರೆಗೆ ಏನು ಕೊಟ್ಟರೂ ಹೊರಗೆ 5 ಕೊಡುತ್ತದೆ. ಹೊಸ ಆಲ್ಕಲೈನ್ ಸೆಲ್ ಹಾಕಿದರೆ 6.4, ಚಾರ್ಜ್ ಮಾಡುವ ಸೆಲ್ ಹಾಕಿದರೆ 4.8, ಸೆಲ್ ಮುಗಿಯುವ ಹೊತ್ತಿಗೆ 4. ಮೂರಕ್ಕೂ ಹೊಂದುತ್ತದೆ. ಬರೀ ಏರಿಸುವ ಅಗ್ಗದ ಮಾಡ್ಯೂಲ್‌ಗಳು ಇಲ್ಲಿ ಆಗುವುದಿಲ್ಲ. ಒಳಗೆ ಬರುವುದು 5ಕ್ಕಿಂತ ಜಾಸ್ತಿ ಇದ್ದಾಗ ಅವು ಅದನ್ನು ಹಾಗೇ ಮುಂದೆ ದಾಟಿಸುತ್ತವೆ. ಹೊಸ ಸೆಲ್ ಹಾಕಿದ ದಿನವೇ ಪ್ರೊಸೆಸರ್‌ಗೆ 6 ವೋಲ್ಟ್ ಹೋಗುತ್ತದೆ.

ಮೈನಸ್ 19ಕ್ಕೆ ಎಂಸಿ34063. ಹಳೇ ಐಸಿ, ಅಗ್ಗ, ಹೈದರಾಬಾದಿನ ಕೋಠಿಯಲ್ಲಾಗಲಿ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾಗಲಿ ಹೆಸರು ಹೇಳಿದರೆ ಕೊಡುತ್ತಾರೆ. ಏರಿಸೋದು, ಇಳಿಸೋದು, ತಿರುಗಿಸಿ ಮೈನಸ್ ಮಾಡೋದು ಮೂರೂ ಇದರಿಂದ ಆಗುತ್ತದೆ. ಕಂಪನಿ ಕೊಡುವ ವಿವರಪತ್ರದಲ್ಲೇ (ಡೇಟಾಶೀಟ್) 4.5ರಿಂದ 6 ವೋಲ್ಟ್ ತೆಗೆದುಕೊಂಡು ಮೈನಸ್ 12 ಕೊಡುವ ಸರ್ಕ್ಯೂಟ್ ಇದೆ. ಅದನ್ನೇ ನಮ್ಮ ಅಳತೆಗೆ ಹೊಂದಿಸಿದರೆ ಆಯಿತು. ಹೊರಗೆ ಬರುವ ವೋಲ್ಟೇಜಿನ ಲೆಕ್ಕ ಸುಲಭ: ಎರಡನೇ ರೆಸಿಸ್ಟರನ್ನು ಮೊದಲನೆಯದರಿಂದ ಭಾಗಿಸಿ, ಒಂದು ಕೂಡಿಸಿ, 1.25ರಿಂದ ಗುಣಿಸಿ. ಮೊದಲನೆಯದು 1 ಕೆ, ಅಂದರೆ ಸಾವಿರ ಓಮ್. ಎರಡನೆಯದಕ್ಕೆ 12 ಕೆ ಮತ್ತು 2.2 ಕೆ ಸಾಲಾಗಿ ಜೋಡಿಸಿದರೆ 14.2 ಕೆ. ಗುಣಿಸಿದರೆ ಸರಿಯಾಗಿ 19. ಎಲ್ಲಾ ಅಂಗಡಿಯಲ್ಲಿ ಸಿಗುವ ಬೆಲೆಗಳೇ. ಟೈಮಿಂಗ್ ಕೆಪಾಸಿಟರ್ 680 ಪಿಕೊಫ್ಯಾರಡ್, ಕರೆಂಟ್ ಮಿತಿಗೆ 1 ಓಮ್, ಡಯೋಡ್ 1ಎನ್5819. ಆ ಡಯೋಡಿನ ಮೇಲೆ 5 ಮತ್ತು 19 ಸೇರಿ 24 ವೋಲ್ಟ್ ಬೀಳುತ್ತದೆ. ಅದು 40 ತಡೆಯುತ್ತದೆ, ಚಿಂತೆ ಇಲ್ಲ.

ಈ ಐಸಿಗೆ ಕರೆಂಟನ್ನು ಸೆಲ್‌ನಿಂದ ನೇರ ಕೊಡದೆ 5 ವೋಲ್ಟ್ ಲೈನಿನಿಂದ ಕೊಟ್ಟೆ. ಸೆಲ್ ಇಳಿದರೂ ಮೈನಸ್ ಅಲ್ಲಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 5 ವೋಲ್ಟ್ ಬರದೆ ಬರೀ ಮೈನಸ್ ಮಾತ್ರ ಸ್ಕ್ರೀನಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಬೆಸೆಯುವಾಗ ಎರಡು ಕಡೆ ಎಚ್ಚರ ಬೇಕು. ಐಸಿಯ ನಾಲ್ಕನೇ ಕಾಲಿಗೆ ಗ್ರೌಂಡ್ ಅಂತ ಹೆಸರು. ಆದರೆ ಮೈನಸ್ ಮಾಡುವ ಸರ್ಕ್ಯೂಟಿನಲ್ಲಿ ಅದು ಸೇರಬೇಕಾದದ್ದು ಮೈನಸ್ 19 ಲೈನಿಗೆ, ಯಂತ್ರದ ಗ್ರೌಂಡಿಗಲ್ಲ. ಔಟ್‌ಪುಟ್ ಕೆಪಾಸಿಟರ್ ಕೂಡ ಉಲ್ಟಾ. ಅದರ ಪ್ಲಸ್ ಕಾಲು ಗ್ರೌಂಡಿಗೆ, ಬಿಳಿ ಪಟ್ಟಿ ಇರುವ ಮೈನಸ್ ಕಾಲು ಮೈನಸ್ ಲೈನಿಗೆ. ಗ್ರೌಂಡಿಗೆ ಹೋಗೋದು ಸದಾ ಪಟ್ಟಿ ಇರುವ ಕಾಲೇ ಅನ್ನುವ ರೂಢಿಯಲ್ಲಿ ಕೈ ಓಡಿದರೆ ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ.

ಯಂತ್ರಕ್ಕೆ ಹಾಕುವ ಮುಂಚೆ ಮೇಜಿನ ಮೇಲೆ ಪರೀಕ್ಷೆ. ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೀಟರ್ 5.03 ತೋರಿಸಿದಾಗ ನಾನು ಏನಾದರೂ ಹೇಳುವ ಮುಂಚೆ ಅವರೇ ಅಂದರು, "ಲೋಡ್ ಇಲ್ದ ವೋಲ್ಟೇಜ್ ನೋಡಿ ಏನ್ ಮಾಡ್ತಿ? ಲೋಡ್ ಕೊಟ್ಟು ನೋಡು." ಜೀವನಪೂರ್ತಿ ಪವರ್ ಸ್ಟೇಷನ್ನಿನಲ್ಲಿ ದುಡಿದವರ ಮಾತು, ಸರಿಯಾಗೇ ಇದೆ. ಸತ್ತ ರೆಗ್ಯುಲೇಟರ್ ಕೂಡ ಲೋಡ್, ಅಂದರೆ ಕರೆಂಟ್ ಎಳೆಯುವ ಭಾರ ಇಲ್ಲದಾಗ ಸರಿಯಾದ ಅಂಕಿ ತೋರಿಸಬಹುದು. 5 ವೋಲ್ಟಿಗೆ 47 ಓಮ್, 1 ವ್ಯಾಟಿನ ರೆಸಿಸ್ಟರ್ ಹಾಕಿದೆ. ಆಗ 100 ಮಿಲಿಆಂಪ್‌ಗಿಂತ ಸ್ವಲ್ಪ ಜಾಸ್ತಿ ಹರಿಯುತ್ತದೆ, ಯಂತ್ರದ ಬಳಕೆಗೆ ಹತ್ತಿರ. ವೋಲ್ಟೇಜ್ 4.99ಕ್ಕೆ ನಿಂತಿತು. ಮೈನಸ್ ಕಡೆ 10 ಕೆ ಹಾಕಿದರೆ 2 ಮಿಲಿಆಂಪ್ ಹತ್ತಿರ. ಮೈನಸ್ 18.9. ಕಾಕಾ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ ತಲೆಯಾಡಿಸಿದರು.

ಈಗ ಯಂತ್ರದ ಕಡೆ. ಅಂಗಡಿಯವರ ವೈರ್ ತೆಗೆದು, ತೂತುಗಳಲ್ಲಿದ್ದ ಸೀಸವನ್ನು ಪಂಪ್ ಮತ್ತು ತಾಮ್ರದ ಜಡೆಯಿಂದ ಎಳೆದೆ. ಯಾವ ತೂತು ಯಾವುದಕ್ಕೆ ಅಂತ ಚಿತ್ರ ನೋಡಿ ನಂಬುವುದಕ್ಕಿಂತ ಮೀಟರ್ ಹಿಡಿದು ಹುಡುಕೋದೇ ಒಳ್ಳೆಯದು. ಕ್ಯಾಸೆಟ್ ಕೂರುವ ಜಾಗದ ಒಂದನೇ ಪಿನ್ 5 ವೋಲ್ಟ್, 32ನೇ ಪಿನ್ ಗ್ರೌಂಡ್. ಅವೆರಡಕ್ಕೆ ಬೀಪ್ ಅನ್ನುವವು ಸಿಕ್ಕವು. ಪವರ್ ಸ್ವಿಚ್ ದಾಟಿ ಸೆಲ್‌ನ ಪ್ಲಸ್‌ಗೆ ಸೇರುವುದು ಇನ್‌ಪುಟ್. ರಿಬ್ಬನ್ ಕೇಬಲ್ ಮೂಲಕ ಮುಂದಿನ ಬೋರ್ಡಿಗೆ, ಅಲ್ಲಿಂದ ಕಾಂಟ್ರಾಸ್ಟ್ ಚಕ್ರದ ಕಡೆ ಹೋಗುವುದು ಮೈನಸ್.

ಅದೇ ಹೊತ್ತಿಗೆ ಸ್ವಿಚ್ಚನ್ನೂ ನೋಡಿಬಿಡಿ. ಆನ್ ಇದ್ದಾಗ ಅದರ ಎರಡೂ ಬದಿ ಅಳೆದರೆ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇದರಲ್ಲಿ ಅರ್ಧ ವೋಲ್ಟ್ ಅಲ್ಲೇ ನುಂಗಿಹೋಗುತ್ತಿತ್ತು. ಆಲ್ಕೊಹಾಲ್ ಎರಡು ಹನಿ ಬಿಟ್ಟು ಇಪ್ಪತ್ತು ಮೂವತ್ತು ಸಲ ಆನ್ ಆಫ್ ಮಾಡಿದ ಮೇಲೆ ಸರಿಹೋಯಿತು. ಕೆಲವು ಗೇಮ್ ಬಾಯ್‌ಗಳಿಗೆ ಇಷ್ಟೇ ಸಾಕಾಗುತ್ತದೆ, ರೆಗ್ಯುಲೇಟರ್ ಮುಟ್ಟಬೇಕಾಗೇ ಇಲ್ಲ. ಸೆಲ್ ಕೂರುವ ಸ್ಪ್ರಿಂಗ್‌ಗಳಲ್ಲಿ ಆಲ್ಕಲೈನ್ ಸೆಲ್ ಸೋರಿ ಬಿಳಿ, ಹಸಿರು ಪುಡಿ ಹಿಡಿದಿತ್ತು. ಅದು ಕ್ಷಾರ, ಹುಳಿ ಬಿದ್ದರೆ ಕರಗುತ್ತದೆ. ನಿಂಬೆಹಣ್ಣಿನ ರಸ ಹತ್ತಿಯಲ್ಲಿ ಅದ್ದಿ ಒರೆಸಿ, ಆಮೇಲೆ ಆಲ್ಕೊಹಾಲ್‌ನಿಂದ ಹುಳಿಯನ್ನೂ ತೆಗೆದೆ.

ಬೋರ್ಡ್ ಹಾಕಿ, ಕ್ಯಾಸೆಟ್ ಇಲ್ಲದೆ ಆನ್ ಮಾಡಿದೆ. ಕಪ್ಪು ಪಟ್ಟಿ ಮೇಲಿನಿಂದ ಇಳಿದು ನಡುವೆ ನಿಂತಿತು. ಡಿಂಗ್. ಕಾಕಾ ಜೋರಾಗಿ ಮೊಮ್ಮಗಳನ್ನು ಕೂಗಿದರು.

ಆದರೆ ಸ್ಪೀಕರಿನಲ್ಲಿ ಒಂದು ಸಣ್ಣ ಗುಂಯ್ ಅನ್ನುವ ಸದ್ದು ಇತ್ತು. ಇದರ ಕಾರಣ ಗೊತ್ತಿರಲಿ. ಸ್ಕ್ರೀನ್ ಎಳೆಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ಎಂಸಿ34063 ಬಿಡದೆ ಓಡುವುದಿಲ್ಲ. ಒಂದು ಗುಕ್ಕು ಓಡಿ ನಿಲ್ಲುತ್ತದೆ, ವೋಲ್ಟೇಜ್ ಇಳಿದಾಗ ಮತ್ತೆ ಓಡುತ್ತದೆ. ಅದರ ಓಟ ಸುಮಾರು 50 ಕಿಲೊಹರ್ಟ್ಜ್, ಅದು ಕಿವಿಗೆ ಕೇಳುವುದಿಲ್ಲ. ಓಡಿ ನಿಲ್ಲುವ ತಾಳ ಮಾತ್ರ ಕಿವಿಗೆ ಕೇಳುವಷ್ಟು ನಿಧಾನ. ಆ ಐಸಿಯ ಜೊತೆ ನಾನು ಹಾಕಿದ್ದ 220 ಮೈಕ್ರೊಹೆನ್ರಿ ಕಾಯಿಲ್ ಒಂದೊಂದು ಸಲಕ್ಕೂ ಜಾಸ್ತಿ ಶಕ್ತಿ ತುಂಬಿಕೊಳ್ಳುತ್ತಿತ್ತು, ಅದಕ್ಕೇ ಬಿಡುವೂ ಉದ್ದ. ಅದರ ಬದಲು 1 ಮಿಲಿಹೆನ್ರಿ ಹಾಕಿದೆ. ಔಟ್‌ಪುಟ್ ನಂತರ 100 ಓಮ್ ರೆಸಿಸ್ಟರ್, ಅದರಾಚೆ 47 ಮೈಕ್ರೊಫ್ಯಾರಡ್, ಪಕ್ಕದಲ್ಲಿ 0.1ರ ಸೆರಾಮಿಕ್. 100 ಓಮ್‌ನಲ್ಲಿ ಕಳೆಯೋದು 0.2 ವೋಲ್ಟ್ ಅಷ್ಟೇ, ಕಾಂಟ್ರಾಸ್ಟ್ ಚಕ್ರ ಒಂದು ಕೂದಲಷ್ಟು ತಿರುಗಿಸಿದರೆ ಸರಿಹೋಗುತ್ತದೆ. ಗುಂಯ್ ಸದ್ದು ವಾಲ್ಯೂಮ್ ಪೂರ್ತಿ ಏರಿಸಿ ಕಿವಿ ಹತ್ತಿರ ಹಿಡಿದರೆ ಮಾತ್ರ ಕೇಳುವಷ್ಟಕ್ಕೆ ಇಳಿಯಿತು. ಬೋರ್ಡಿನ ಕೆಳಗೆ ಕರೆಂಟ್ ದಾಟದ ಕಾಪ್ಟನ್ ಟೇಪ್ ಹಚ್ಚಿ, ಯಾವ ಕಾಲೂ ಮುಖ್ಯ ಬೋರ್ಡಿಗೆ ತಾಗದಂತೆ ಕೂರಿಸಿದೆ.

ಮಧ್ಯಾಹ್ನ ಮಾಳಿಗೆ ಮೇಲೆ ಒಯ್ದು ಟೆಟ್ರಿಸ್ ಆಟ ಹಾಕಿ ನೋಡಿದೆವು. ಈ ಸ್ಕ್ರೀನಿಗೆ ಹಿಂದೆ ದೀಪ ಇಲ್ಲ, ಬಿಸಿಲೇ ಅದರ ದೀಪ. ರಾಯಚೂರಿನಲ್ಲಿ ಅದಕ್ಕೇನು ಕೊರತೆ ಇಲ್ಲ. ಆದರೆ ಬಿಸಿ ಏರಿದಂತೆ ಎಲ್‌ಸಿಡಿ ತಾನಾಗೇ ಕಪ್ಪಾಗುತ್ತಾ ಹೋಗುತ್ತದೆ. ಹತ್ತು ನಿಮಿಷಕ್ಕೆ ಹಿನ್ನೆಲೆಯೆಲ್ಲಾ ಮಸಿ ಹಿಡಿದ ಹಾಗಾಯಿತು. ಮೊಮ್ಮಗಳು ಕೆಟ್ಟುಹೋಯಿತು ಅಂತ ಗಾಬರಿಯಾದಳು. ಚಕ್ರ ಕೆಳಗೆ ತಿರುಗಿಸಿದ ಕೂಡಲೇ ತಿಳಿಯಾಯಿತು. ಚಕ್ರದ ಎರಡೂ ತುದಿಗೆ ಪೂರ್ತಿ ಬಿಳುಪು, ಪೂರ್ತಿ ಕಪ್ಪು ಸಿಗುತ್ತಿದ್ದರೆ ಮೈನಸ್ ವೋಲ್ಟೇಜ್ ಸರಿಯಾದ ಅಳತೆಯಲ್ಲಿದೆ ಅಂತಲೇ ಲೆಕ್ಕ.

ಆ 9 ವೋಲ್ಟಿನ ಅಡಾಪ್ಟರ್ ಇನ್ನು ಬೇಡ ಅಂತ ಹೇಳಿ ಇಸಿದುಕೊಂಡೆ. ಈ ಮಾದರಿಗೆ ಬೇಕಾದದ್ದು 6 ವೋಲ್ಟ್, ಅದೂ ಪಿನ್‌ನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಈಗ ಮನೆಯಲ್ಲಿರುವ ಹೆಚ್ಚಿನ ಅಡಾಪ್ಟರ್‌ಗಳು ಇದಕ್ಕೆ ಪೂರ್ತಿ ಉಲ್ಟಾ. ತೂತಿಗೆ ಸರಿಹೊಂದಿತು ಅಂತ ಯಾವುದನ್ನೂ ಚುಚ್ಚಬೇಡಿ. ಜ್ಯಾಕ್ ಪಕ್ಕದಲ್ಲಿ '6 ವೋಲ್ಟ್, ಒಳಗೆ ಮೈನಸ್' ಅಂತ ಬರೆದ ಚೀಟಿ ಅಂಟಿಸಿದ್ದೇನೆ. ಚಾರ್ಜ್ ಮಾಡುವ ನಾಲ್ಕು ಸೆಲ್ ಹಾಕಿಕೊಟ್ಟೆ. ಆಡದ ದಿನಗಳಲ್ಲಿ ಅವನ್ನೂ ತೆಗೆದಿಡಬೇಕು ಅಂತ ಕಾಕಾಗೆ ಹೇಳಿದ್ದೇನೆ. ಮೂಲ ಬೋರ್ಡನ್ನು ಎಸೆದಿಲ್ಲ. ಹೊಸ ಕೆಪಾಸಿಟರ್ ಹಾಕಿದ್ದು, ಟ್ರಾನ್ಸ್‌ಫಾರ್ಮರ್‌ನ ಒಂದು ಸುತ್ತು ತುಂಡಾಗಿದ್ದು, ಎರಡನ್ನೂ ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಟ್ಟಿದ್ದೇನೆ. ಕೆಟ್ಟ ಬೇರೊಂದು ಗೇಮ್ ಬಾಯ್‌ನಿಂದ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಸಿಕ್ಕ ದಿನ ಅದನ್ನು ಮತ್ತೆ ಕೂರಿಸಲು ತೂತುಗಳು ಹಾಗೇ ಇವೆ.